ಅಳಿಯನ ಉಪಚಾರ

ಅಣ್ಣ ಊಟದ ಮೇಜಿನ ಮೇಲೆ ಎರಡು ತುಂಡುಗಳನ್ನು ಕುಕ್ಕಿದ. ಒಂದು ಅಂಗೈಯಗಲದ ಉಕ್ಕಿನ ಪ್ಲೇಟು, ಇನ್ನೊಂದು ಅದರಿಂದ ಕಳಚಿಕೊಂಡ ಕಪ್ಪು ಲೈನಿಂಗು, ಅಂದರೆ ಉಜ್ಜಿ ಗಾಡಿ ನಿಲ್ಲಿಸುವ ಪದರ. ಎರಡೂ ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಬ್ರೇಕ್ ಪ್ಯಾಡು, ಬಿಟ್ಟರೆ ಗುಜರಿ.

"ನಿಮ್ಮ ಕಂಪನೀದೇ ಅಲ್ವೇನೇ ಇದು? ಹಿಂದೆ ಮುದ್ರೆ ನೋಡು."

ತಂಗಿಗೆ ಮುದ್ರೆ ನೋಡುವ ಅಗತ್ಯವೇ ಇರಲಿಲ್ಲ. ಬಿಡಿಭಾಗಗಳ ಕಾರ್ಖಾನೆಯಲ್ಲಿ ಪರೀಕ್ಷೆಯ ಎಂಜಿನಿಯರು ಅವಳು. ಗಾಡಿ ಹಳತಾದ ಮೇಲೆ ಜನ ಅಂಗಡಿಯಲ್ಲಿ ಕೊಂಡು ಹಾಕಿಸುವ ಇಂಥ ಪ್ಯಾಡುಗಳು ಅಲ್ಲಿ ತಯಾರಾಗುತ್ತವೆ, ಮತ್ತು ಅವಳು 'ಪಾಸ್' ಅನ್ನದೆ ಒಂದು ಪೆಟ್ಟಿಗೆಯೂ ಗೇಟು ದಾಟುವುದಿಲ್ಲ.

"ಇಳಿಜಾರಲ್ಲಿ ತುಳಿದೆ. ಖರ್ ಅಂತ ಸದ್ದು ಬಂತೇ ಹೊರತು ಗಾಡಿ ನಿಲ್ಲಲಿಲ್ಲ. ಗೋಡೆಗೆ ಉಜ್ಜಿ ಉಜ್ಜಿ ನಿಲ್ಲಿಸಿದೆ. ವ್ಯಾನ್ ತುಂಬ ಸ್ಕೂಲ್ ಮಕ್ಕಳು."

"ಯಾರಿಗೂ ಏನೂ ಆಗ್ಲಿಲ್ಲ ತಾನೆ?"

"ಒಂದು ಮಗೂಗೆ ಹಲ್ಲು ಬಿತ್ತು. ಹಾಲುಹಲ್ಲು, ಮತ್ತೆ ಬರತ್ತೆ ಬಿಡಿ ಅಂತ ಅವರಮ್ಮ ನನಗೇ ಸಮಾಧಾನ ಹೇಳಿದ್ರು."

"ಇದು ನಕಲಿ ಮಾಲು ಕಣೋ ಅಣ್ಣಾ! ಯಾವನೋ ಅಯೋಗ್ಯ ನಮ್ಮ ಮುದ್ರೆ ಹೊಡೆದು ಮಾರ್ತಿದಾನೆ. ನಮ್ಮದು ಹೀಗೆ ಬಿಟ್ಕೊಳಲ್ಲ. ನಾನು ಹೇಗೆ ಪರೀಕ್ಷೆ ಮಾಡ್ತೀನಿ ಅಂತ ಗೊತ್ತಲ್ಲ ನಿನಗೆ?"

"ಗೊತ್ತು. ಅದಕ್ಕೇ ಹಾಕ್ಸಿದ್ದು. ಅಂಗಡಿಯವನು ಬೇರೆ ಯಾವುದೋ ತೋರಿಸಿದ. ಬೇಡಪ್ಪ, ಇದು ನನ್ನ ತಂಗಿ ಪಾಸ್ ಮಾಡಿರೋದು ಅಂದೆ."

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಕಿಟಕಿಯಾಚೆ ವ್ಯಾನು ನಿಂತಿತ್ತು, ಒಂದು ಪಕ್ಕದ ಬಣ್ಣವೆಲ್ಲ ಕಿತ್ತುಬಂದಿತ್ತು. ಮನೆಮುಂದಿನ ನೆಲ ಸಮತಟ್ಟಾಗಿದ್ದರೂ ಹಿಂದಿನ ಚಕ್ರಕ್ಕೆ ಅವನು ದಪ್ಪ ಕಲ್ಲೊಂದನ್ನು ಒತ್ತುಕೊಟ್ಟಿದ್ದ.

ಆ ನಕಲಿ ಮಾಡಿದವನನ್ನು ಹುಟ್ಟಲಿಲ್ಲ ಅನ್ನಿಸಿಬಿಡಬೇಕು ಎಂದುಕೊಂಡೇ ಅವಳು ಮರುದಿನ ಬೇರೆ ಬೇರೆ ಅಂಗಡಿಗಳಿಂದ ಪೆಟ್ಟಿಗೆಗಳನ್ನು ಕೊಂಡು ಲ್ಯಾಬಿಗೆ ಬಂದಳು. ಅಲ್ಲಿರುವ ಯಂತ್ರ ಪ್ಲೇಟನ್ನು ಗಟ್ಟಿಯಾಗಿ ಹಿಡಿದು ಲೈನಿಂಗನ್ನು ಪಕ್ಕದಿಂದ ಒತ್ತುತ್ತದೆ. ಒಳ್ಳೆಯ ಪ್ಯಾಡಾದರೆ ಲೈನಿಂಗು ಪುಡಿಪುಡಿಯಾದರೂ ಅಂಟು ಬಿಡುವುದಿಲ್ಲ. ಇವು ಬಾಳೆಹಣ್ಣಿನ ಸಿಪ್ಪೆಯಂತೆ ಬಿಟ್ಟುಕೊಂಡವು. ಒಂದಾದ ಮೇಲೊಂದು, ಎಲ್ಲ ಅಂಗಡಿಯವೂ. ಅವಳು ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು, ಮುದ್ರೆಯನ್ನು ಭೂತಗನ್ನಡಿಯಲ್ಲಿ ನೋಡಿದಳು. ನಕಲಿಯ ಸುಳಿವೇ ಇಲ್ಲ.

ತುಂಡುಗಳನ್ನು ತಟ್ಟೆಯಲ್ಲಿ ಹಾಕಿಕೊಂಡು ಅಂಟು ಗಟ್ಟಿಯಾಗಲೆಂದು ಪ್ಯಾಡು ಬೇಯಿಸುವ ವಿಭಾಗಕ್ಕೆ ಹೋದಳು. ಅಲ್ಲಿಯ ಮೇಸ್ತ್ರಿ ಸಾವಿನ ಮನೆಯಲ್ಲೂ ನಗಿಸುವ ಆಸಾಮಿ. ಒಲೆಯ ಬಾಗಿಲು ಮುಚ್ಚಿ ಬಂದ.

"ಇವು ನಮ್ಮವೇನಾ ಮೇಸ್ತ್ರಿ?"

"ನಮ್ಮವಲ್ದೆ ಇನ್ಯಾರದು? ಎಲ್ಲಿಂದ ತಂದ್ರಿ, ಅಂಗಡಿಯಿಂದಾನಾ? ಹಾಗಾದ್ರೆ ಮಗ ಬಿಡಿ."

"ಮಗ ಅಂದ್ರೆ?"

"ಅಂಗಡಿಗೆ ಹೋಗೋನು ಮಗ. ನಿಮ್ಮ ಹತ್ರ ಬರೋನು ಅಳಿಯ."

ಅಳಿಯ! ಈ ಕಾರ್ಖಾನೆಗೆ ಸೇರಿದ ದಿನದಿಂದ ಅವಳು ಕೇಳಿದ ಮಾತು. ಪರೀಕ್ಷೆಯ ಪ್ಯಾಡುಗಳ ತಟ್ಟೆ ಲ್ಯಾಬಿನ ಬಾಗಿಲಿಗೆ ಬಂದಾಗಲೆಲ್ಲ "ಅಳಿಯಂದ್ರು ಬಂದ್ರು ಮೇಡಂ" ಎಂದೇ ಕೂಗುವುದು. ತಾನು ಅವಕ್ಕೆ ಬಿಳಿ ಬಟ್ಟೆ ಹಾಸಿ, ಕೈಗವಸು ತೊಟ್ಟು, ಮುಟ್ಟಿದರೆ ಮಾಸೀತು ಎಂಬಂತೆ ಆಡುವುದನ್ನು ಕಂಡು ಗೇಲಿ ಮಾಡುತ್ತಾರೆ ಎಂದುಕೊಂಡಿದ್ದಳು. ಗೇಲಿಯಲ್ಲಿ ತಾನೂ ಸೇರಿದ್ದಳು. "ಇವತ್ತು ಅಳಿಯಂದ್ರು ತಡವೇನು?" ಎಂದು ಫೋನಿನಲ್ಲಿ ಕೇಳಿದರೆ ಆ ಕಡೆ ಇಡೀ ವಿಭಾಗ ಗೊಳ್ಳೆಂದು ನಗುತ್ತಿತ್ತು. ಇವಳೂ ನಗುತ್ತಿದ್ದಳು.

"ಅಳಿಯನಿಗೆ ಏನೇನು ಉಪಚಾರ ಮಾಡ್ತೀರಿ?" ಎಂದು ಕೇಳಿದಳು.

"ಪ್ಲೇಟನ್ನ ಉಜ್ಜಿ ಉಜ್ಜಿ ತೊಳೀತೀವಿ, ಹೊಸ ಅಂಟು ಬಳೀತೀವಿ, ಒಲೇಲಿ ಪೂರ್ತಿ ಬೇಯಿಸ್ತೀವಿ. ಮಗನಿಗೆ ಅಷ್ಟೆಲ್ಲ ಎಲ್ಲಿಂದ ಬರಬೇಕು? ಅರ್ಧ ಬೆಂದಿದೀಯ, ಸಾಕು, ಏಳು." ಅವಳ ಮುಖ ನೋಡಿ ಮೇಸ್ತ್ರಿಯ ನಗು ಅಲ್ಲೇ ನಿಂತಿತು. "ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ ಮೇಡಂ. ನೀವೇ ಬಾಯಿತುಂಬ ಅಳಿಯ ಅಳಿಯ ಅಂತಿದ್ರಲ್ಲ..."

ಅವಳಿಗೆ ಮೈಯೆಲ್ಲ ಹೊತ್ತಿಕೊಂಡಿತು. ಮೋಸ ಮಾಡಿದ್ದು ಒಂದು ಕಡೆಗಿರಲಿ, ಇಷ್ಟು ಜನ ಇಷ್ಟು ಕಾಲ ತನ್ನನ್ನು ಆ ಮೋಸದ ಮನೆಯವಳೇ ಎಂದುಕೊಂಡಿದ್ದರು! ತಟ್ಟೆ ಹಿಡಿದುಕೊಂಡೇ ಮ್ಯಾನೇಜರ ಕೋಣೆಗೆ ನುಗ್ಗಿದಳು.

ಮ್ಯಾನೇಜರಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. "ಕೂತ್ಕೊಳಮ್ಮ. ಎಲ್ಲಾ ಕಡೆ ನಡೆಯೋದೇ ಇದು. ಪರೀಕ್ಷೆಗೆ ಹೋಗೋ ಹುಡುಗ ಸ್ನಾನ ಮಾಡಿ, ತಲೆ ಬಾಚ್ಕೊಂಡು ಹೋಗಲ್ವಾ?"

"ಹೋಗಲಿ ಸರ್, ಬೇಡ ಅಂದೋರ್ಯಾರು? ಆದ್ರೆ ನೀವು ಬೇರೆ ಹುಡುಗನ್ನೇ ಕಳಿಸಿದೀರಿ!"

"ಎಲ್ಲಾನೂ ಪೂರ್ತಿ ಬೇಯಿಸ್ತಾ ಕೂತ್ರೆ ಅರ್ಧ ಮಾಲೂ ಹೊರಗೆ ಬರಲ್ಲ. ಅಷ್ಟಕ್ಕೂ ಹಳೇ ಗಾಡಿ ಓಡ್ಸೋರು ನಿಧಾನಕ್ಕೆ ತಾನೇ ಓಡ್ಸೋದು?"

ನಿಧಾನಕ್ಕಂತೆ! ಇಳಿಜಾರಿಗೆ ಗಾಡಿ ಹಳತೋ ಹೊಸತೋ ಎಂದು ಯಾರು ಹೇಳಿಕೊಡುತ್ತಾರೆ? "ಅಂಥ ಒಂದು ಹಳೇ ಗಾಡಿ ನನ್ನ ಅಣ್ಣಂದು ಸರ್. ಒಳಗೆ ಮಕ್ಕಳಿದ್ರು."

ಅವರು ಗಡಿಯಾರ ನೋಡಿದರು. "ನಿಮ್ಮಣ್ಣಂಗೆ ಬೇಕಾದ್ರೆ ಒಂದು ಜೊತೆ ಅಳಿಯನ್ನೇ ಕೊಡೋಣ. ಕೆಳಗೆ ಲಾರಿ ಕಾಯ್ತಿದೆ, ಪಾಸ್ ಅಂತ ಹೇಳಿ ಕಳಿಸಿ. ಹೇಳಕ್ಕಾಗಲ್ಲ ಅಂದ್ರೆ ನಾಳೆಯಿಂದ ಮನೇಲೇ ಇರಿ."

ಮೆಟ್ಟಿಲಿಳಿಯುತ್ತಲೇ ಅವಳು ಅಣ್ಣನಿಗೆ ಫೋನ್ ಮಾಡಿದಳು.

"ಅಣ್ಣಾ, ಅದು ನಕಲಿ ಅಲ್ಲ. ನಮ್ಮದೇ. ನಾನೇ ಪಾಸ್ ಮಾಡಿದ್ದು. ಉಳಿದ ಪ್ಯಾಡನ್ನೂ ಕಿತ್ತು ಬಿಸಾಕು."

"ಸರಿ. ಅಂಗಡಿಯವನಿಗೂ ಹೇಳ್ಲಾ? ನಾನು ಹೇಳಿದೆ ಅಂತ ನಮ್ಮ ವ್ಯಾನಿನವರು ಸುಮಾರು ಜನ ಹಾಕ್ಸಿದಾರೆ."

"ಎಲ್ಲರಿಗೂ ಹೇಳು. ನನ್ನ ಹೆಸರು ಹೇಳಿಯೇ ಹೇಳು."

ಸಣ್ಣ ಲಾರಿ ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿತ್ತು. ಅವಳು ಹಿಂದಿನಿಂದ ಹತ್ತಿ, ಕೈಗೆ ಸಿಕ್ಕ ಪೆಟ್ಟಿಗೆಯನ್ನು ಹರಿದು, ಸಿಕ್ಕಷ್ಟು ಪ್ಯಾಡುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಇಳಿದಳು. ಡ್ರೈವರನ ಹತ್ತಿರ ಉಳಿ, ಸುತ್ತಿಗೆ ಕೇಳಿದಳು. ಅವನು ತಬ್ಬಿಬ್ಬಾಗಿ ಕೊಟ್ಟ. ಕೈಗವಸಿಲ್ಲ, ಬಿಳಿ ಬಟ್ಟೆಯಿಲ್ಲ. ಸಿಮೆಂಟು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಪ್ಲೇಟಿಗೂ ಲೈನಿಂಗಿಗೂ ನಡುವೆ ಉಳಿಯಿಟ್ಟು ಒಂದು ಏಟು ಹಾಕಿದಳು. ಟಕ್ಕೆಂದು ಎರಡಾಯಿತು.

"ಫೇಲ್!" ಎಂದು ಕೂಗಿದಳು. ಇನ್ನೊಂದು ಏಟು. "ಫೇಲ್!"

ಬೇಯಿಸುವ ವಿಭಾಗದವರು ಬಾಗಿಲಿಗೆ ಬಂದು ನಿಂತರು. ಯಾರೂ ನಗಲಿಲ್ಲ. ಮೆಟ್ಟಿಲ ಮೇಲಿಂದ ಮ್ಯಾನೇಜರು, "ಏನ್ರೀ ಹುಚ್ಚಾಟ ಇದು? ಡ್ರೈವರ್, ಗಾಡಿ ತೆಗಿ!" ಎಂದು ಅರಚಿದರು.

ಡ್ರೈವರ್ ಬಗ್ಗಿ ಒಂದು ಪ್ಲೇಟನ್ನು ಎತ್ತಿಕೊಂಡ. ತಿರುಗಿಸಿ ಮುದ್ರೆಯ ಮೇಲೆ ಹೆಬ್ಬೆರಳಾಡಿಸಿದ. ತನ್ನ ಗಾಡಿಯ ಮುಂದಿನ ಚಕ್ರದ ಕಡೆ ನೋಡಿದ.

"ಮೇಡಂ," ಎಂದ ಮೆಲ್ಲಗೆ, "ಇದಕ್ಕೂ ಇದೇ ಹಾಕ್ಸಿದೀನಿ."

ಅವಳ ಕೈಯಲ್ಲಿ ಸುತ್ತಿಗೆ ನಿಂತಿತು. ಅವನು ಹೋಗಿ ಎಂಜಿನ್ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ಅಂಗಳ ಹಲಗೆಯಂತೆ ಸಪಾಟಾಗಿತ್ತು. ಆದರೂ ಅವನು ಅತ್ತಿತ್ತ ಹುಡುಕಿ, ಗೋಡೆಯ ಬುಡದಿಂದ ಒಂದು ಕಲ್ಲು ತಂದು ಚಕ್ರದ ಕೆಳಗಿಟ್ಟು, ಹಿಮ್ಮಡಿಯಿಂದ ಒದ್ದು ಗಟ್ಟಿಮಾಡಿದ.