ಮಿಕ್ಸಿಂಗ್ ಮಾಡಿಸಿದ ಕ್ಯಾಸೆಟ್

ಡೈರಿಗೆ ಹಾಲು ಹಾಕಿ ಬಂದು ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಹೊಸಕೋಟೆಯ ವಿಡಿಯೋ ಚಿನ್ನಸ್ವಾಮಿ ಬಂದ. ದೊಡ್ಡ ಮಗಳು ದಿವ್ಯಳ ಮದುವೆಗೆ ವಿಡಿಯೋ ತೆಗೆದವನು ಅವನೇ. ಆ ಮದುವೆಯಲ್ಲಿ ಕಳಸಗಿತ್ತಿಯಾಗಿ ಅಕ್ಕನ ಪಕ್ಕ ಕಳಸ ಹಿಡಿದು ನಿಂತಿದ್ದವಳು ನನ್ನ ಚಿಕ್ಕ ಮಗಳು ಮಾನಸ. ಹನ್ನೊಂದು ವರ್ಷ. ಮದುವೆ ಮುಗಿದ ಇಪ್ಪತ್ತನೆಯ ದಿನಕ್ಕೆ ಮೆದುಳುಜ್ವರ ಬಂದು ಹೋಗಿಬಿಟ್ಟಳು.

ಅವನು ಮೂರು ತಿಂಗಳು ಕಾದು ಬಂದಿದ್ದ.

"ಅಕ್ಕಾ, ಕೇಳೋಕೇ ಬಾಯಿ ಬರ್ತಿಲ್ಲ. ಕ್ಯಾಸೆಟ್ಟು ಎರಡು ಥರ ಮಾಡ್ಬೋದು. ನಮ್ಮಂಗಡೀಲೇ ಎರಡು ವಿಸಿಆರ್ ಇಟ್ಕೊಂಡು ಬೇಡದ್ದು ಬಿಟ್ಟು ಜೋಡಿಸ್ಕೊಡ್ತೀನಿ, ಸಾದಾ. ಇಲ್ಲಾಂದ್ರೆ ಬೆಂಗಳೂರು ಸ್ಟುಡಿಯೋಲಿ ಮಿಕ್ಸಿಂಗ್. ಪಾಪೂನ ಹೂವಿನೊಳಗೆ ತೋರಿಸ್ತಾರೆ, ನಕ್ಷತ್ರ ಉದುರಿಸ್ತಾರೆ, ಹಾಡು ಹಾಕ್ತಾರೆ."

"ಅವಳು ಮಾತಾಡಿದ್ದು ಐತಾ?"

"ಇಲ್ದೆ ಏನಕ್ಕಾ? 'ವಿಡಿಯೋ ಮಾಮ, ಆವಾಗಿಂದ ಕಳಸಾನೇ ತೆಗೀತಿದೀಯಲ್ಲ, ನನ್ನ ಮಖಾನೂ ತೆಗಿ' ಅಂತ ಎಲ್ರ ಮುಂದೆ ನನ್ನ ಮಾನ ಕಳೆದ್ಲಲ್ಲ!"

ಆ ದನಿಯನ್ನು ಇನ್ನೊಮ್ಮೆ ಕೇಳಬಹುದು ಎಂದುಕೊಂಡೆ.

"ಸಾದಾನೇ ಸಾಕು ಕಣಯ್ಯ, ಇದ್ದಿದ್ದು ಇದ್ದಂಗಿರ್ಲಿ" ಎಂದರು ನಮ್ಮ ಯಜಮಾನರು.

ನಾನೇ ಹಟ ಹಿಡಿದೆ. "ಅವಳಿಗೆ ಯಾವತ್ತೂ ಅಕ್ಕನ ಹಳೇ ಲಂಗಾನೇ ಹಾಕಿದ್ದು. ಇದೊಂದಾದ್ರೂ ಚೆನ್ನಾಗಿರೋದು ಮಾಡ್ಸಾನ ಬಿಡ್ರಿ."

ಒಂದೂವರೆ ತಿಂಗಳಿಗೆ ಕ್ಯಾಸೆಟ್ಟು ಬಂತು. ನಂದಗುಡಿಯಿಂದ ಕ್ಯಾಸೆಟ್ಟು ಹಾಕಿ ನೋಡುವ ವಿಸಿಪಿ ಬಾಡಿಗೆಗೆ ತರಿಸಿದೆವು. ದಿವ್ಯಳೂ ಬಂದಿದ್ದಳು. ಚಿನ್ನಸ್ವಾಮಿಯೇ ವೈರು ಸಿಕ್ಕಿಸಿದ. ಗುಲಾಬಿಯೊಂದು ಅರಳಿತು, ಅದರೊಳಗೆ ನನ್ನ ಕೂಸು. ಹಸಿರು ಲಂಗ, ಕೈಯಲ್ಲಿ ಕಳಸ. ಬಾಯಿ ಆಡುತ್ತಿತ್ತು. ಕೇಳಿದ್ದು ಮಾತ್ರ ಯಾವುದೋ ಸಿನಿಮಾ ಹಾಡು.

"ಮಾತೆಲ್ಲಪ್ಪಾ?" ಎಂದೆ.

"ಹಾಡು ಹಾಕಿದ್ಮೇಲೆ ಮಾತು ಬರಲ್ಲ ಅಕ್ಕಾ. ಎಲ್ರೂ ಮಂಟಪದ ಗಲಾಟೆ ಬೇಡ ಅಂತಾರೆ. ನಿಮಗೂ ಹಂಗೇ ಮಾಡಿಸ್ದೆ..."

"ಮೊದ್ಲು ತೆಗೆದಿದ್ದ ಕ್ಯಾಸೆಟ್ಟು?"

ಅವನು ತಲೆ ತಗ್ಗಿಸಿದ. ಒಂದು ಮದುವೆ ಮುಗಿದರೆ ಅದೇ ಕ್ಯಾಸೆಟ್ಟಿನ ಮೇಲೆ ಇನ್ನೊಂದು ಮದುವೆ ತೆಗೆಯುವುದು ಅವರ ಪದ್ಧತಿಯಂತೆ. ಮಾನಸಳ ಮಾತಿನ ಮೇಲೆ ಪಿಲ್ಲಗುಂಪೆಯ ಯಾರದೋ ಧಾರೆ ಹತ್ತಿತ್ತು.

ಅವನನ್ನು ಬೈಯಲಿಲ್ಲ. ಆರಿಸಿಕೊಂಡವಳು ನಾನು. ಕಾಫಿ ಕೊಟ್ಟು ಕಳಿಸಿದೆ. ಯಜಮಾನರು ಹೊಲದ ಕಡೆ ಹೋದರು.

ದಿವ್ಯ ಟೀವಿಯ ಸೌಂಡು ಪೂರ್ತಿ ಇಳಿಸಿ ಕ್ಯಾಸೆಟ್ಟನ್ನು ಮತ್ತೆ ಹಿಂದಕ್ಕೆ ತಿರುಗಿಸಿದಳು. ಹಾಡಿಲ್ಲದಾಗ ಮಗು ಹತ್ತಿರ ಬಂದಂತಾಯಿತು. ವಿಡಿಯೋ ಮಾಮನಿಗೆ ಅಂದದ್ದನ್ನು ತುಟಿ ನೋಡಿಯೇ ಗುರುತು ಹಿಡಿದೆವು. ಆಮೇಲೆ ಅವಳು ನನ್ನ ಕಡೆ ತಿರುಗಿ ಎರಡೇ ಮಾತು ಏನೋ ಹೇಳುತ್ತಾಳೆ. ಅದು ನನಗೆ ನೆನಪೇ ಇಲ್ಲ. ಮದುವೆಯ ಗಡಿಬಿಡಿಯಲ್ಲಿ ಕೇಳಿಸಿಕೊಂಡೆನೋ ಇಲ್ಲವೋ.

"ಅಮ್ಮಾ, ನಿನ್ನೇ ನೋಡು" ಎಂದಳು ದಿವ್ಯ. "ಅವಳು ಹೇಳಿದ ತಕ್ಷಣ ನೀನು ಸೆರಗು ಸರಿ ಮಾಡ್ಕೊಂತೀಯ. ಸೆರಗು ಜಾರೈತೆ ಅಂದಿರ್ಬೇಕು ಕಣಮ್ಮ."

ಅಷ್ಟು ಜನದ ನಡುವೆ ಅವಳ ಕಣ್ಣು ನನ್ನ ಮೇಲಿತ್ತು.

ಮತ್ತೆ ತಿರುಗಿಸಿದಾಗ ಅವಳ ಮುಖದ ಮೇಲೆ ಬಿಳಿ ಗೆರೆಯೊಂದು ಓಡಿತು.

"ಸಾಕು ನಿಲ್ಸವ್ವ, ಕ್ಯಾಸೆಟ್ಟು ಸವೆದೋಯ್ತದೆ" ಎಂದೆ. ಒಲೆಯ ಮೇಲೆ ಸೊಪ್ಪು ಬೇಯುತ್ತಿತ್ತು. ಏಳುವಾಗ ಕೈ ತಾನಾಗಿ ಸೆರಗಿಗೆ ಹೋಯಿತು.