ಚಿನ್ನದ ಹಲ್ಲಿನ ದೃಷ್ಟಿ ಮುಖ

ಬೆಳಿಗ್ಗೆ ಎದ್ದು ನಡೆಯದಿದ್ದರೆ ಕಾಲು ಉಳಿಯುವುದಿಲ್ಲ ಎಂದು ಕೋಲಾರದ ಡಾಕ್ಟರು ಕೋದಂಡರಾಮಪ್ಪನನ್ನು ಹೆದರಿಸಿದ್ದು ಎಂಬತ್ತಮೂರನೇ ಇಸವಿಯಲ್ಲಿ, ಮಾವು ಹೂ ಬಿಡುವ ಕಾಲಕ್ಕೆ. ಸಕ್ಕರೆ ಕಾಯಿಲೆ. ಶ್ರೀನಿವಾಸಪುರದ ದೊಡ್ಡ ಮಾವಿನ ಮಂಡಿಯ ಈ ಯಜಮಾನ ಅಲ್ಲಿಯವರೆಗೆ ತನ್ನ ಊರನ್ನು ಜೀಪಿನಲ್ಲಿ ಕೂತು ನೋಡಿದ್ದನೇ ಹೊರತು ನಡೆದು ನೋಡಿರಲಿಲ್ಲ. ಜೀಪು ಬಂದರೆ ಜನ ಎದ್ದು ನಿಲ್ಲುತ್ತಿದ್ದರು, ಇವನು ಕೈಯೆತ್ತುತ್ತಿದ್ದ, ಧೂಳು ಏಳುತ್ತಿತ್ತು. ಊರೆಂದರೆ ಅವನಿಗೆ ಅಷ್ಟೇ.

ನಡೆಯಲು ಶುರು ಮಾಡಿದ ಮೇಲೆ ಊರಿಗೆ ಗೋಡೆಗಳೂ ಇವೆಯೆಂದು ಗೊತ್ತಾಯಿತು. ಆಸ್ಪತ್ರೆ ಕಾಂಪೌಂಡಿನ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ, ಅದರ ಪಕ್ಕ ನಗುವ ಗಂಡ ಹೆಂಡತಿ. ಸಂತೆ ಬೀದಿಯಲ್ಲಿ ಬೀಡಿ ಕಂಪನಿಯ ಹಸಿರು ಗಿಳಿ. ಟೆಂಟ್ ಸಿನಿಮಾದವರು ಯಾವತ್ತೋ ಬರೆಸಿದ್ದ ನಾಯಕಿಯ ಚಿತ್ರ ಮಳೆಗೆ ಕರಗಿ ಕಣ್ಣೆರಡು ಮಾತ್ರ ಉಳಿದಿದ್ದವು. ಅರೆ, ಚೆನ್ನಾಗಿದೆಯಲ್ಲ ಎಂದುಕೊಂಡ. ಕಾಲು ಉಳಿಸಿಕೊಳ್ಳಲು ಹೊರಟವನಿಗೆ ನಡಿಗೆಯೇ ಒಂದು ಚಟವಾಯಿತು. ದಿನಕ್ಕೊಂದು ಹೊಸ ಬೀದಿ ಹಿಡಿಯತೊಡಗಿದ.

ಹಾಗೆ ಒಂದು ದಿನ ಮುಳಬಾಗಿಲು ರಸ್ತೆಯ ಕಡೆಯ ಹೊಸ ಬಡಾವಣೆಗೆ ಹೋದ. ಮೇಷ್ಟ್ರುಗಳು, ತಾಲ್ಲೂಕು ಕಚೇರಿಯ ಗುಮಾಸ್ತರು, ರೇಷ್ಮೆಯಲ್ಲಿ ನಾಲ್ಕು ಕಾಸು ಕಂಡ ರೈತರು ಅಲ್ಲಿ ಮನೆ ಕಟ್ಟಿಕೊಂಡಿದ್ದರು. ಹೊಸ ಮನೆಯೆಂದ ಮೇಲೆ ಮುಂದಿನ ಗೋಡೆಗೆ ದೃಷ್ಟಿ ಮುಖ ಬರೆಸಲೇಬೇಕು. ಗುಡ್ಡೆಗಣ್ಣು, ಕೋರೆಹಲ್ಲು, ಹೊರಗೆ ಚಾಚಿದ ನಾಲಿಗೆ, ಒಟ್ಟಿನಲ್ಲಿ ಒಬ್ಬ ರಾಕ್ಷಸ. ಗೃಹಪ್ರವೇಶದ ದಿನ ಹಾಲು ಉಕ್ಕಿಸಿದ ಮೇಲೆ ಮನೆಯೊಡತಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಆ ಮುಖಕ್ಕೆ ಮೂರು ಸಲ ಥೂ ಎಂದು ಉಗಿಯಬೇಕು. ಊರವರ ಕೆಟ್ಟ ಕಣ್ಣೆಲ್ಲ ಅಲ್ಲಿಗೆ ರಾಕ್ಷಸನ ಪಾಲು. ಆಮೇಲೂ ಶನಿವಾರ ಬಾಗಿಲು ತೊಳೆಯುವಾಗ ಉಗಿಯುತ್ತಿದ್ದರೆ ಮನೆಗೆ ಒಳ್ಳೆಯದು ಎನ್ನುವವರಿದ್ದರು.

ಮೊದಲನೆಯ ರಾಕ್ಷಸನನ್ನು ನೋಡಿ ಕೋದಂಡರಾಮಪ್ಪ ನಕ್ಕ. ಎರಡನೆಯದನ್ನು ನೋಡಿದಾಗ ಎಲ್ಲೋ ಕಂಡವನ ಹಾಗಿದ್ದಾನಲ್ಲ ಅನ್ನಿಸಿತು. ಮೂರನೆಯ ಮನೆಯ ಮುಂದೆ ಕಾಲು ನಿಂತಿತು. ರಾಕ್ಷಸನ ಎಡಹುಬ್ಬು ನಡುವೆ ತುಂಡಾಗಿತ್ತು. ಮೀಸೆಯ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ. ಬಿಳಿಯ ಹಲ್ಲುಗಳ ನಡುವೆ ಒಂದೇ ಒಂದು ಹಲ್ಲಿಗೆ ಹಳದಿ ಬಣ್ಣ. ಕೋದಂಡರಾಮಪ್ಪ ತನ್ನ ಎಡಹುಬ್ಬನ್ನು ಮುಟ್ಟಿ ನೋಡಿಕೊಂಡ. ಹುಡುಗನಾಗಿದ್ದಾಗ ಎತ್ತು ಹಾದು ಮಾಡಿದ ಗಾಯ ಅಲ್ಲೇ ಇತ್ತು. ನಾಲಿಗೆ ತಾನಾಗಿ ಬಾಯೊಳಗಿನ ಚಿನ್ನದ ಹಲ್ಲನ್ನು ತಡವಿತು.

ಆ ಮನೆಯ ಮುದುಕಿ ದೊಡ್ಡಮುನಿಯಮ್ಮ ಪೊರಕೆ ಹಿಡಿದು ಹೊರಗೆ ಬಂದಳು. ಅವತ್ತು ಶನಿವಾರ. ಗೋಡೆಗೆ ಒಂದು ಚೊಂಬು ನೀರು ಎರಚಿ, ಥೂ, ಥೂ, ಥೂ ಎಂದು ಉಗಿದು, ಆಮೇಲೆ ಇವನ ಕಡೆ ತಿರುಗಿದಳು.

"ಏಂ ಸಾಮೀ, ಇಷ್ಟು ದೂರ ನಡ್ಕೊಂಡ್ ಬಂದಿದ್ದೀರಾ? ಕಾಫಿ ಕುಡೀತೀರಾ?"

"ಈ ಮುಖ ಯಾರು ಬರೆದಿದ್ದು?"

"ಬಚ್ಚಮ್ಮ ಸಾಮೀ. ಸುಣ್ಣದ ಅಪ್ಪಾಜಪ್ಪನ ಹೆಂಡ್ತಿ. ಈ ಸುತ್ತಿನಾಗೆಲ್ಲ ಅವಳ ಕೈಯೇ. ಅವಳು ಬರೆದ ಮುಖದ ಮುಂದೆ ದಿಷ್ಟಿ ನಿಲ್ಲಾಕಿಲ್ಲ ಅಂತಾರೆ."

ಕೋದಂಡರಾಮಪ್ಪ ಕಾಫಿ ಕುಡಿಯಲಿಲ್ಲ. ಬಡಾವಣೆಯ ಎಲ್ಲ ಬೀದಿಗಳನ್ನೂ ಸುತ್ತಿದ. ಎಲ್ಲ ಹೊಸ ಗೋಡೆಗಳ ಮೇಲೂ ಅವನೇ ನಾಲಿಗೆ ಚಾಚಿಕೊಂಡು ಕೂತಿದ್ದ. ಆ ವಾರ ವ್ಯಾಪಾರದ ಮೇಲೆ ಯಲ್ದೂರಿಗೆ ಹೋದಾಗ ಅಲ್ಲೂ ಸಿಕ್ಕ, ಗೌನಿಪಲ್ಲಿಯಲ್ಲೂ ಸಿಕ್ಕ. ಮಾಲೂರಿಗೆ ಹೋದವನು ಸುಮ್ಮನಿರಲಾರದೆ ಟೇಕಲ್ಲಿನಲ್ಲಿ ಜೀಪಿನಿಂದಿಳಿದು ಎರಡು ಬೀದಿ ನಡೆದರೆ, ಸ್ಟೇಷನ್ನಿನ ಎದುರಿಗಿದ್ದ ಹೊಸ ಮನೆಯ ಮೇಲೂ ಅದೇ ಹಳದಿ ಹಲ್ಲು. ಅಲ್ಲಿಯವರಿಗೆ ಇವನು ಯಾರೆಂದೇ ಗೊತ್ತಿಲ್ಲ. ಗೊತ್ತಿಲ್ಲದೆಯೇ ಉಗಿಯುತ್ತಿದ್ದರು. ಅದಕ್ಕೆ ಅವನಿಗೆ ಇನ್ನೂ ಉರಿಯಿತು.

ಊರಿಗೆಲ್ಲ ಗೊತ್ತು, ಇವನೊಬ್ಬನಿಗೇ ಗೊತ್ತಿರಲಿಲ್ಲ. ಎದ್ದು ನಿಂತು ಕೈ ಮುಗಿಯುತ್ತಿದ್ದ ಜನವೆಲ್ಲ ಮನೆಗೆ ಹೋಗಿ ತನ್ನ ಮುಖಕ್ಕೆ ಉಗಿಯುತ್ತಿದ್ದರು ಎನ್ನುವುದನ್ನು ನೆನೆದರೆ ರಾತ್ರಿಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಹೆಂಡತಿ ಆದಿಲಕ್ಷ್ಮಮ್ಮನಿಗೆ ಹೇಳಿದ. ಅವಳು ಸಾರು ಬಡಿಸುತ್ತಾ, "ಈಗ ನೋಡಿದ್ರಾ?" ಎಂದಳು. ಅಷ್ಟೇ ಎಂದಳು.

ಈ ಮುಖದ ಕಥೆ ಹನ್ನೆರಡು ವರ್ಷ ಹಳೆಯದು. ಆಗ ಗಂಗಮ್ಮನ ಗುಡಿಯ ಹಿತ್ತಾಳೆ ಗಂಟೆ ಕಳುವಾಗಿತ್ತು. ಕದ್ದು ಕೋಲಾರಕ್ಕೆ ಸಾಗಿಸಿ ಮಾರಿಕೊಂಡವನು ಕೋದಂಡರಾಮಪ್ಪನ ಸ್ವಂತ ತಮ್ಮ ವೆಂಕಟರಮಣಪ್ಪ. ಅದು ಅಣ್ಣನಿಗೆ ಗೊತ್ತಾಯಿತು, ಮನೆತನದ ಮಾನ ನೆನಪಾಯಿತು. ಗುಡಿಗೆ ಸುಣ್ಣ ಹೊಡೆಯುತ್ತಿದ್ದವನು ಅಪ್ಪಾಜಪ್ಪ, ಕಳ್ಳನೂ ಅವನೇ ಎಂದು ಪಂಚಾಯಿತಿಯಲ್ಲಿ ತೀರ್ಮಾನ ಕೊಟ್ಟ. ಅಪ್ಪಾಜಪ್ಪನದೇ ಬಕೆಟ್ಟು, ಅಪ್ಪಾಜಪ್ಪನದೇ ಕುಂಚ. ಅರ್ಧ ಮುಖಕ್ಕೆ ಸುಣ್ಣ, ಅರ್ಧ ಮುಖಕ್ಕೆ ಮಸಿ ಬಳಿಸಿ ಬೀದಿ ಬೀದಿಯಲ್ಲಿ ನಡೆಸಿದ. ಊರು ನಿಂತು ನೋಡಿತು. ಅಪ್ಪಾಜಪ್ಪ ಆಮೇಲೆ ಬೀದಿಗೇ ಬರಲಿಲ್ಲ. ಸುಣ್ಣ ಕಣ್ಣಿಗೆ ಹೋಗಿ ಒಂದು ಕಣ್ಣು ಹೋಯಿತು, ಎರಡು ವರ್ಷದಲ್ಲಿ ಅವನೂ ಹೋದ. ಪಾಪಿಗಳು ಒಬ್ಬರೂ ಮಣ್ಣಿಗೆ ಬರಲಿಲ್ಲ. ಬಚ್ಚಮ್ಮ ಗಂಡನ ಬಕೆಟ್ಟನ್ನೂ ಕುಂಚವನ್ನೂ ತೊಳೆದು ತಾನೇ ಕೆಲಸಕ್ಕೆ ಇಳಿದಳು.

ತನ್ನ ತಪ್ಪನ್ನು ನೆನೆಯುವ ಜಾತಿಯಲ್ಲ ಕೋದಂಡರಾಮಪ್ಪನದು. ಮಂಡಿಯ ಮೇಸ್ತ್ರಿ ಮುನಿಶಾಮಿಯನ್ನು ಕರೆದು, ಆಳುಗಳನ್ನು ಕರೆದುಕೊಂಡು ಹೋಗಿ ಆ ಮುಖಗಳನ್ನೆಲ್ಲ ಕೆರೆದು ಬಾ ಎಂದ. ಯಜಮಾನ ಬಾವಿಗೆ ಬೀಳು ಎಂದರೆ ಆಳ ಎಷ್ಟು ಎಂದೂ ಕೇಳದೆ ಬೀಳುವ ಆಸಾಮಿ ಮುನಿಶಾಮಿ. ಅಂಥವನೂ ಕೈ ಮುಗಿದ.

"ಅದೊಂದು ಬೇಡಿ ಯಜಮಾನ್ರೇ. ದಿಷ್ಟಿ ಮುಖ ಕೆರೆದೋನ ಮೈಮೇಲೆ ಆ ಮನೇ ದಿಷ್ಟಿಯೆಲ್ಲ ಬಂದು ಕೂತ್ಕೊಂತದೆ. ನಂಗೆ ಮಕ್ಕಳವ್ರೆ."

ಕೊನೆಗೆ ಅವನೇ ಬಚ್ಚಮ್ಮನ ಗುಡಿಸಲಿಗೆ ಹೋದ, ನಡೆದುಕೊಂಡೇ. ಬಚ್ಚಮ್ಮ ಅಂಗಳದಲ್ಲಿ ಕೂತು ಕಪ್ಪು ಬಣ್ಣಕ್ಕೆಂದು ಕಾಡಿಗೆಗೆ ಅಂಟು ಕಲಸುತ್ತಿದ್ದಳು. ಏಳಲಿಲ್ಲ.

"ಏನಮ್ಮೇ ಬಚ್ಚಮ್ಮ, ಊರ ಗೋಡೆ ಮೇಲೆಲ್ಲ ನನ್ನ ಮುಖ ಬರೆದಿದ್ದೀಯಾ?"

"ನಾನು ಬರೆದಿದ್ದು ರಾಕ್ಷಸನ್ನ ಸ್ವಾಮಿ."

"ನನ್ನ ಹುಬ್ಬು, ನನ್ನ ಹಲ್ಲು ಅದರಾಗೆ ಇದೆ."

"ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೊಂತೀರಾ? ಪಂಚಾಯಿತಿ ಸೇರ್ಸಿ ಬೇಕಾದ್ರೆ. ಈ ರಾಕ್ಷಸ ನಾನೇ ಅಂತ ಹತ್ತು ಜನರ ಮುಂದೆ ನೀವೇ ಹೇಳಿ. ಅವತ್ತೇ ಅಳಿಸ್ತೀನಿ."

ಹಾಗೆ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಶನಿವಾರ ಶನಿವಾರ ಹೋಗುತ್ತಲೇ ಇರುತ್ತದೆ. ಕೋದಂಡರಾಮಪ್ಪ ನಿಂತಲ್ಲೇ ಹಲ್ಲು ಕಡಿದ. ಹಲ್ಲು ಕಡಿಯುತ್ತಲೇ ಒಂದು ಉಪಾಯ ಹೊಳೆಯಿತು. ಅದು ಹೊಳೆದ ಸಂತೋಷಕ್ಕೆ ನಗುವೂ ಬಂತು, ಚಿನ್ನದ ಹಲ್ಲು ಕಾಣುವ ಹಾಗೆ.

"ನಾನೂ ಹೊಸ ಮನೆ ಕಟ್ಟಿಸ್ತಿದ್ದೀನಿ, ಗೊತ್ತಲ್ಲ. ಶ್ರಾವಣದಲ್ಲಿ ಗೃಹಪ್ರವೇಶ. ದಿಷ್ಟಿ ಮುಖ ನೀನೇ ಬರೀಬೇಕು. ಆದ್ರೆ ರಾಕ್ಷಸನ್ನ ಅಲ್ಲ. ನಿನ್ನ ಗಂಡನ್ನ."

ಬಚ್ಚಮ್ಮನ ಕೈ ಅಂಟಿನೊಳಗೇ ನಿಂತಿತು.

"ಅವತ್ತು ಬೀದಿಯಾಗೆ ಹೆಂಗಿದ್ನೋ ಹಂಗೇ ಬರೀಬೇಕು. ಅರ್ಧ ಸುಣ್ಣ, ಅರ್ಧ ಮಸಿ. ಒಂದು ಕೂದಲೂ ಹೆಚ್ಚುಕಮ್ಮಿ ಆಗಬಾರ್ದು. ನನ್ನ ಹೆಂಡ್ತಿ ಊರ ಮುಂದೆ ಅದಕ್ಕೆ ಉಗೀತಾಳೆ, ನೀನು ನಿಂತು ನೋಡ್ಬೇಕು. ಆಗಲ್ಲ ಅಂದ್ರೆ ಹೇಳು, ಈ ಗುಡಿಸ್ಲು ನಿಂತಿರೋದು ಯಾರ ಜಾಗದಾಗೆ ಅಂತ ನಾಳೆ ತೋರಿಸ್ತೀನಿ."

ಬಚ್ಚಮ್ಮ ಕೈಗೆ ಮೆತ್ತಿದ ಅಂಟನ್ನು ಬಟ್ಟೆಗೆ ಒರೆಸಿಕೊಂಡಳು. ಅಳುತ್ತಾಳೆ ಎಂದು ಅವನು ಆಸೆಯಿಂದ ಕಾದ. ಅಳಲಿಲ್ಲ.

"ಅವತ್ತು ಇದ್ದಂಗೇ ಬರೀಲಾ ಸ್ವಾಮಿ?"

"ಅವತ್ತು ಇದ್ದಂಗೇ."

"ಬರೀತೀನಿ," ಎಂದಳು.

ಅಲ್ಲಿಂದ ಶ್ರಾವಣದವರೆಗೆ ಕೋದಂಡರಾಮಪ್ಪ ನಡೆದ ನಡಿಗೆಯೇ ಬೇರೆ. ಗೋಡೆಯ ಮೇಲಿನ ತನ್ನ ಮುಖಗಳನ್ನು ಈಗ ಅವನು ಅಂಜದೆ ನೋಡುತ್ತಿದ್ದ. ಉಗೀರಿ, ಚೆನ್ನಾಗಿ ಉಗೀರಿ, ನಾನು ಒಂದೇ ಸಲ ಎಲ್ಲ ತೀರಿಸಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಸಕ್ಕರೆ ಕೂಡ ಇಳಿಯಿತಂತೆ. ಸೇಡಿಗಿಂತ ಒಳ್ಳೆಯ ಪಥ್ಯ ಇಲ್ಲ ಎಂದು ಡಾಕ್ಟರಿಗೆ ಯಾರು ಹೇಳಬೇಕು?

ಬಚ್ಚಮ್ಮ ಬಂದು ನಾಲ್ಕಾರು ದಿನ ಕೆಲಸ ಮಾಡಿ ಗೋಡೆಯ ಮೇಲೆ ಹಳೆಯ ಸೀರೆ ಇಳಿಬಿಟ್ಟು ಹೋದಳು. ಹಾಲು ಉಕ್ಕುವ ಮುಂಚೆ ಮನೆಯ ಯಜಮಾನ ದೃಷ್ಟಿ ಮುಖ ನೋಡಬಾರದು, ನೋಡಿದರೆ ಅದರ ಮೊದಲ ಕಣ್ಣು ಅವನ ಮೇಲೇ ಬೀಳುತ್ತದೆ ಎಂಬ ನಂಬಿಕೆ ಅಲ್ಲಿಯದು. ಅದಕ್ಕೇ ಅವನು ಮುನಿಶಾಮಿಯನ್ನು ಕಳಿಸಿದ. ಮುನಿಶಾಮಿ ಸೀರೆಯ ಸೆರಗೆತ್ತಿ ನೋಡಿ ಬಂದು, ನೆಲ ನೋಡುತ್ತಾ ಹೇಳಿದ.

"ಅಪ್ಪಾಜಪ್ಪನೇ ಯಜಮಾನ್ರೇ. ಅರ್ಧ ಬಿಳಿ, ಅರ್ಧ ಕಪ್ಪು. ನೀವ್ ಹೇಳ್ದಂಗೇ ಬರೆದವ್ಳೆ."

ಕೋದಂಡರಾಮಪ್ಪ ಇಡೀ ಊರನ್ನು ಊಟಕ್ಕೆ ಕರೆದ. ಹೊಸ ಬಡಾವಣೆಯ ಒಂದೊಂದು ಮನೆಗೂ ತಾನೇ ನಡೆದು ಹೋಗಿ ಕರೆದ. ಉಗಿದವರೆಲ್ಲ ಬರಬೇಕು, ಬಂದು, ಗಂಡನಿಗೆ ಉಗಿಯುವಾಗ ಬಚ್ಚಮ್ಮನ ಮುಖ ಹೇಗಾಗುತ್ತದೆ ಎಂದು ನೋಡಬೇಕು.

ಜನ ಬಂದರು. ಹಾಲು ಉಕ್ಕಿತು. ದೊಡ್ಡಮುನಿಯಮ್ಮನೂ ಬಂದು ಮುಂದೆಯೇ ನಿಂತಿದ್ದಳು. ಬಚ್ಚಮ್ಮ ಬೇಲಿಯ ಹತ್ತಿರ, ಖಾಲಿ ಬಕೆಟ್ಟು ಹಿಡಿದು, ಒಬ್ಬಳೇ ನಿಂತಿದ್ದಳು. ಕೋದಂಡರಾಮಪ್ಪ ಜರಿಪಂಚೆ ಉಟ್ಟು, ಮೀಸೆ ತಿರುವಿ, ತನ್ನ ಕೈಯಿಂದಲೇ ಸೀರೆ ಎಳೆದ.

ಗೋಡೆಯ ಮೇಲೆ ಅಪ್ಪಾಜಪ್ಪ ಇದ್ದ. ಕೋರೆಹಲ್ಲಿಲ್ಲ, ನಾಲಿಗೆ ಚಾಚಿಲ್ಲ. ಅವತ್ತು ಅವನಿಗೆ ಕೋರೆಹಲ್ಲಿರಲಿಲ್ಲವಲ್ಲ. ಒಂದು ಕೆನ್ನೆಯಲ್ಲಿ ಸುಣ್ಣ ಒಣಗಿ ಬಿರಿದಿತ್ತು, ಇನ್ನೊಂದರಲ್ಲಿ ಮಸಿ ಬೆವರಿಗೆ ಇಳಿದಿತ್ತು. ಸುಣ್ಣದ ಕಡೆಯ ಕಣ್ಣು ಕೆಂಪಾಗಿ ಅರ್ಧ ಮುಚ್ಚಿತ್ತು. ಇನ್ನೊಂದು ಕಣ್ಣು ನೋಡುತ್ತಿತ್ತು. ಯಾರು ಎಲ್ಲಿ ನಿಂತರೂ ಅವರನ್ನೇ, ನಾನಲ್ಲ ಕಣಪ್ಪ, ನಿಮಗೂ ಗೊತ್ತಲ್ಲ, ಎನ್ನುವ ಹಾಗೆ ನೋಡುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಊರಿನವರು ಬಾಗಿಲಲ್ಲಿ ನಿಂತು ಕಂಡದ್ದು ಇದೇ ಕಣ್ಣು. ತಲೆಗೆ ಟವಲು ಸುತ್ತಿದ್ದ ಒಬ್ಬ ಮುದುಕ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದ. ಅವನನ್ನು ನೋಡಿ ಇನ್ನೊಬ್ಬ ಬಿಚ್ಚಿದ.

"ಏನೇ ನೋಡ್ತಾ ನಿಂತೆ? ಉಗಿ," ಎಂದ ಕೋದಂಡರಾಮಪ್ಪ.

ಆದಿಲಕ್ಷ್ಮಮ್ಮ ಉಪ್ಪು ಮೆಣಸಿನಕಾಯಿಯ ಮೊರ ಹಿಡಿದು ಗೋಡೆಯ ಮುಂದೆ ನಿಂತಿದ್ದಳು. ಮೊರವನ್ನು ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡು ಜನರ ಕಡೆ ತಿರುಗಿದಳು.

"ಗಂಟೆ ಕಳುವಾದ ದಿನ ಈ ಮನುಷ್ಯ ಬೆಳಗಿಂದ ಸಂಜೆವರೆಗೂ ನಮ್ಮ ಹಿತ್ತಲ ಗೋಡೆಗೆ ಸುಣ್ಣ ಹೊಡೀತಿದ್ದ," ಎಂದಳು. "ನಾನೇ ಮುದ್ದೆ ಇಕ್ಕಿದ್ದೆ. ರಾತ್ರಿ ಬೆಳಗಾಗೋವರೆಗೂ ನಮ್ಮ ಕೊಟ್ಟಿಗೇಲೇ ಮಲಗಿದ್ದ. ಗಂಟೆ ಕೊಂಡೋಗಿದ್ದು ನಮ್ಮ ಮೈದುನ. ಅವತ್ತೇ ಇವರಿಗೆ ಹೇಳ್ದೆ. ಬಾಯಿ ಮುಚ್ಕೊಂಡು ಒಳಗೆ ನಡಿ ಅಂದ್ರು. ನಡೆದೆ. ಹನ್ನೆರಡು ವರ್ಷ ಬಾಯಿ ಮುಚ್ಕೊಂಡಿದ್ದೀನಿ."

"ಲೇ," ಎಂದ ಕೋದಂಡರಾಮಪ್ಪ.

"ಈ ಗೋಡೆ ಮೇಲೆ ರಾಕ್ಷಸ ಇಲ್ಲ. ಆದ್ರೆ ಹೊಸ ಮನೆ, ದಿಷ್ಟಿ ತೆಗೀಲೇಬೇಕಲ್ಲ."

ಅವಳು ಬಗ್ಗಿ ಮೊರದಿಂದ ಒಂದು ಹಿಡಿ ಉಪ್ಪು ಮೆಣಸಿನಕಾಯಿ ತೆಗೆದುಕೊಂಡಳು. ಗಂಡನ ಮುಂದೆ ಬಂದು ನಿಂತು, ಮೂವತ್ತು ವರ್ಷ ಸಂಸಾರ ಮಾಡಿದ ಮುಖದ ಸುತ್ತ ನಿಧಾನವಾಗಿ ಮೂರು ಸಲ ನಿವಾಳಿಸಿದಳು. ಅವನ ಬಾಯಿ ತೆರೆದೇ ಇತ್ತು, ಚಿನ್ನದ ಹಲ್ಲು ಬಿಸಿಲಿಗೆ ಹೊಳೆಯುತ್ತಿತ್ತು.

"ಥೂ," ಎಂದಳು. "ಥೂ. ಥೂ."

ಬೇಲಿಯ ಹತ್ತಿರ ಬಚ್ಚಮ್ಮ ಬಕೆಟ್ಟು ಕೆಳಗಿಟ್ಟು, ಅದರ ಪಕ್ಕದಲ್ಲೇ ಕುಸಿದು ಕೂತು, ಹನ್ನೆರಡು ವರ್ಷದಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತಳು. ಆದಿಲಕ್ಷ್ಮಮ್ಮ ಹೋಗಿ ಅವಳ ಕೈ ಹಿಡಿದು ಎಬ್ಬಿಸಿದಳು. ಆಮೇಲೆ ಅಡುಗೆಯವರಿಗೆ ಎಲೆ ಹಾಕಲು ಹೇಳಿ, ಮೊದಲನೆಯ ಎಲೆಗೆ ಬಚ್ಚಮ್ಮನನ್ನು ಕೂರಿಸಿದಳು. ಜನ ಒಬ್ಬೊಬ್ಬರಾಗಿ ಯಜಮಾನನ ಪಕ್ಕದಿಂದ ಊಟಕ್ಕೆ ಹೋದರು. ಅವನು ಗೋಡೆಗೆ ಬೆನ್ನು ಮಾಡಿ ನಿಂತೇ ಇದ್ದ. ದೊಡ್ಡಮುನಿಯಮ್ಮ ಅವನ ಮುಂದೆ ಒಂದು ಗಳಿಗೆ ನಿಂತು, ಅವತ್ತು ಶನಿವಾರವಲ್ಲದಿದ್ದರೂ, ಉಗಿದು ಒಳಗೆ ಹೋದಳು.