ಕ್ಯಾಪ್ಟನ್ ಮತ್ತು ಮೂವತ್ತೊಂದು ಹೆಜ್ಜೆ

ತಾವು ವರ್ಣಿಸುತ್ತಿರುವ ವಸ್ತುವಿನ ಕಡೆಗೆ ಅವರು ಎಂದೂ ತಿರುಗಿ ನೋಡುತ್ತಿರಲಿಲ್ಲ. ಮುಖವೆಲ್ಲ ಪ್ರೇಕ್ಷಕರ ಕಡೆಗೆ, ಎಡಗೈ ಕೋಟಿನ ಜೇಬಿನಲ್ಲಿ. ಬಲಗೈ ಮಾತ್ರ ಹಿಂದಕ್ಕೆ ಚಾಚಿ ದಿಕ್ಸೂಚಿಯ ಮೇಲೋ ಚುಕ್ಕಾಣಿಯ ಮೇಲೋ ತಪ್ಪದೆ ಹೋಗಿ ಕೂರುತ್ತಿತ್ತು. ಹಡಗಿನಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿ ಬಂದು ನಮ್ಮ ನೌಕಾ ಸಂಗ್ರಹಾಲಯದ ಮಾರ್ಗದರ್ಶಿಯಾಗಿದ್ದ ಅವರನ್ನು ನಾವೆಲ್ಲ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದೆವು. ಹಿತ್ತಾಳೆ ಗುಂಡಿಯ ನೀಲಿ ಕೋಟು, ಮಾತಿಗೊಮ್ಮೆ "ತಿಳೀತಲ್ಲ?", ಅಳೆದಿಟ್ಟಂಥ ಹೆಜ್ಜೆ. ಬೆನ್ನಿಗೂ ಕಣ್ಣಿದ್ದಂತಿದ್ದ ಆ ಮನುಷ್ಯನಿಗೆ ಮುಖದ ಮೇಲಿನ ಕಣ್ಣುಗಳಲ್ಲಿ ಬೆಳಕು–ನೆರಳಿಗಿಂತ ಹೆಚ್ಚೇನೂ ಉಳಿದಿರಲಿಲ್ಲ.

ಅದು ಗೊತ್ತಿದ್ದದ್ದು ಇಬ್ಬರಿಗೆ. ಬುತ್ತಿ ಕೊಡುವ ನೆಪದಲ್ಲಿ ದಿನವೂ ಬಾಗಿಲವರೆಗೆ ಕರೆತಂದು ಬಿಡುತ್ತಿದ್ದ ಅವರ ಮಗಳಿಗೆ. ವಸ್ತುಗಳಿಗೆ ವಿವರಣೆಯ ಫಲಕ ಬರೆಯುತ್ತಿದ್ದ ನನಗೆ. ರಜೆಯ ಅರ್ಜಿಯನ್ನು ತಲೆಕೆಳಗಾಗಿ ಹಿಡಿದು ಸಹಿ ಹಾಕುವಾಗ ನನ್ನ ಕೈಗೆ ಸಿಕ್ಕಿಬಿದ್ದಿದ್ದರು.

"ಯಾರಿಗೂ ಹೇಳ್ಬೇಡಪ್ಪ," ಎಂದಿದ್ದರು. "ಮನೇಲಿ ಕೂತ್ರೆ ನಾನೊಬ್ಬ ಕುರುಡ. ಇಲ್ಲಿದ್ರೆ ಕ್ಯಾಪ್ಟನ್."

ಹಳೆಯ ಕಟ್ಟಡ ಹಡಗುಗಳೇ ಬಾರದ ಮೂಲೆಯಲ್ಲಿತ್ತು; ದಿನಕ್ಕೆ ಹತ್ತು ಜನ ಬಂದರೆ ನಮಗೆ ಹಬ್ಬ. ಹಾಗಾಗಿ ಸಂಗ್ರಹಾಲಯವನ್ನು ಜನಜಂಗುಳಿಯ ಹೊಸ ದಡಕ್ಕೆ, ದೋಣಿವಿಹಾರದ ಕಟ್ಟೆಯ ಪಕ್ಕಕ್ಕೆ ಸಾಗಿಸುವುದೆಂದು ತೀರ್ಮಾನವಾದಾಗ ಎಲ್ಲರೂ ಹಿಗ್ಗಿದರು, ಕ್ಯಾಪ್ಟನ್ ಒಬ್ಬರು ಒಳಗೊಳಗೇ ಕುಸಿದರು. ಆದರೂ ಸುಲಭಕ್ಕೆ ಸೋಲೊಪ್ಪುವ ಜೀವವಲ್ಲ. ಹನ್ನೊಂದು ಸಂಜೆ, ಕೆಲಸಗಾರರು ಹೋದ ಮೇಲೆ, ನನ್ನ ತೋಳು ಹಿಡಿದು ಹೊಸ ಹಜಾರದಲ್ಲಿ ಅಡ್ಡಾಡಿ, ಬಾಗಿಲಿನಿಂದ ಚುಕ್ಕಾಣಿಗೆ ಹತ್ತೊಂಬತ್ತು, ಅಲ್ಲಿಂದ ಎಡಕ್ಕೆ ಹೊರಳಿ ಲಂಗರಿಗೆ ಮೂವತ್ತೊಂದು ಎಂದು ಹೆಜ್ಜೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಕೊಂಡರು.

ಉದ್ಘಾಟನೆಯ ಬೆಳಿಗ್ಗೆ, ಅತಿಥಿಗಳ ಕುರ್ಚಿಗೆ ಜಾಗ ಸಾಲದೆಂದು ನಿರ್ದೇಶಕರು ಲಂಗರನ್ನು ಕಿಟಕಿಯ ಬಳಿಗೆ ಸರಿಸಲು ಹೇಳಿದರು. ಮುಂದೆ ನಿಂತು ಆಳುಗಳಿಂದ ಸರಿಸಿಸಿದವನು ನಾನೇ. ಕ್ಯಾಪ್ಟನ್‌ಗೆ ಹೇಳಬೇಕೆಂದುಕೊಂಡೆ, ಫಲಕ ಕಿತ್ತು ಹಚ್ಚುವ ಗಡಿಬಿಡಿಯಲ್ಲಿ ಮರೆತೆ.

ಇನ್ನೂರು ಜನರೆದುರು ಅವರು ಮೂವತ್ತೊಂದು ಹೆಜ್ಜೆ ನಡೆದು ನಿಂತರು. ಕೈಯನ್ನು ಹಿಂದಕ್ಕೆ ಚಾಚಿ, "ಈ ಲಂಗರನ್ನ ಎತ್ತೋಕೆ ಹದಿನಾರು ಜನ ಬೇಕಾಗ್ತಿತ್ತು, ತಿಳೀತಲ್ಲ?" ಎಂದರು. ಕೈ ಹೋಗಿ ಕೂತದ್ದು ಕುರ್ಚಿ ತುಂಬ ಕುಳಿತಿದ್ದ ಸ್ಥೂಲಕಾಯದ ಅತಿಥಿಯೊಬ್ಬರ ಹೆಗಲ ಮೇಲೆ. ಹಜಾರವೆಲ್ಲ ಗೊಳ್ಳೆಂದು ನಕ್ಕಿತು. ತಮಾಷೆಯೆಂದು ತಿಳಿದು ಅತಿಥಿಯೂ ನಕ್ಕರು. ಬೆರಳಿಗೆ ಕಬ್ಬಿಣದ ಬದಲು ಬೆಚ್ಚನೆಯ ಬಟ್ಟೆ ತಗುಲಿದ ಆ ಕ್ಷಣ ಕ್ಯಾಪ್ಟನ್ ಮುಖ ಬಿಳಿಚಿಕೊಂಡದ್ದನ್ನು ಕಂಡವನು ನಾನೊಬ್ಬ. ಮರುಕ್ಷಣ ಅವರೂ ನಕ್ಕು, ಮುಂದಿನದನ್ನು ಇವರು ತೋರಿಸುತ್ತಾರೆಂದು ನನ್ನನ್ನು ಕರೆದರು. ಹತ್ತಿರ ಹೋದಾಗ ಮೆಲ್ಲಗೆ ಕೇಳಿದರು:

"ಎಷ್ಟು ಸರಿಸಿದ್ರಿ?"

"ಆರು ಹೆಜ್ಜೆ."

"ಆರೇನಾ? ಹೇಳಿದ್ರೆ ಕಲ್ತುಕೊಳ್ತಿದ್ನಲ್ಲಪ್ಪ."

ಮರುದಿನ ಅವರು ಬರಲಿಲ್ಲ, ಮತ್ತೆಂದೂ ಬರಲಿಲ್ಲ. ನೋಡಲು ಹೋದರೆ, ಹುಟ್ಟಿ ಬೆಳೆದ ಮನೆಯೊಳಗೆ ಗೋಡೆ ತಡವುತ್ತ ನಡೆಯುತ್ತಿದ್ದರು.

ಕಳೆದುಕೊಂಡದ್ದನ್ನು ಬಚ್ಚಿಟ್ಟು, ಉಳಿದದ್ದರಲ್ಲೇ ಘನತೆಯಿಂದ ಬಾಳುವವರು ನಮ್ಮ ನಡುವೆ ನಾವಂದುಕೊಂಡದ್ದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಅವರು ಕರುಣೆ ಬೇಡುವುದಿಲ್ಲ, ದಾರಿ ಬಿಡಿ ಎಂದೂ ಅನ್ನುವುದಿಲ್ಲ. ಏನಾದರೂ ಬದಲಾದರೆ ಒಂದು ಮಾತು ಹೇಳುತ್ತೇವೆಂದು ನಮ್ಮನ್ನು ನಂಬಿರುತ್ತಾರೆ, ಅಷ್ಟೇ. ನನಗೆ ಆ ಒಂದು ಮಾತು ಹೇಳಲು ಪುರುಸೊತ್ತಾಗಲಿಲ್ಲ.